ಸುಗ್ಗಿ ದುಡ್ಡಿನ ಹಳೆ ಕಾರು: ತಣ್ಣಗಿದ್ದಾಗ ನೋಡಿ, ಲಿಫ್ಟ್ ಮೇಲೆ ಏರಿಸಿ ನೋಡಿ

ಮಾನ್ಯ ಸಂಪಾದಕರೇ,

ಹತ್ತಿ, ಮೆಣಸಿನಕಾಯಿ, ಭತ್ತದ ದುಡ್ಡು ಕೈಗೆ ಬರುವ ಹೊತ್ತಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಜೋರಾಗುತ್ತದೆ. ಆಸ್ಪತ್ರೆಗೆ, ಮದುವೆಗೆ, ಹುಲಿಗಿಗೆ, ಮಂತ್ರಾಲಯಕ್ಕೆ ಮನೆಮಂದಿ ಒಟ್ಟಿಗೆ ಹೋಗಿಬರಲು ಸಣ್ಣ ಪೆಟ್ರೋಲ್ ಕಾರೊಂದು ಇದ್ದರೆ ಎಷ್ಟೋ ಅನುಕೂಲ. ವರ್ಷಕ್ಕೆ ಎಂಟು, ಹತ್ತು ಸಾವಿರ ಕಿಲೋಮೀಟರ್ ಓಡಿಸುವ ಕುಟುಂಬಕ್ಕೆ ಡೀಸೆಲ್ ಕಾರಿಗಿಂತ ಇದೇ ಸರಿ. ಆದರೆ ಬಹಳಷ್ಟು ಮಂದಿ ಬಣ್ಣ, ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ನಮ್ಮ ಸೀಮೆಯಲ್ಲಿ ಸಣ್ಣ ಕಾರನ್ನು ಬೇಗ ಕೆಡಿಸುವುದು ಧೂಳು, ಬಿಸಿಲು ಮತ್ತು ಬೋರ್‌ವೆಲ್ ನೀರು. ಇವು ಉಳಿಸುವ ಗುರುತು ಹೊರಗೆ ಕಾಣುವುದಿಲ್ಲ. ಅದನ್ನು ಎಲ್ಲಿ, ಹೇಗೆ ಹುಡುಕಬೇಕು ಎಂದು ಕೊಳ್ಳುವವರಿಗೆ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲು ಯಾವ ಕಾರು ಎಂಬ ಪ್ರಶ್ನೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರಿನಲ್ಲಿ ಯಾವ ಮೇಸ್ತ್ರಿಯಾದರೂ ಬಿಚ್ಚಿ ಜೋಡಿಸಬಲ್ಲ, ಬಿಡಿಭಾಗ ಅದೇ ದಿನ ಸಿಗುವ ಕಾರನ್ನೇ ಆರಿಸಬೇಕು. ಮಾರುತಿಯ ವ್ಯಾಗನ್ ಆರ್, ಸೆಲೆರಿಯೊ ಮತ್ತು ಆಲ್ಟೊ ಕೆ10ನಲ್ಲಿ ಬಂದ 998 ಸಿಸಿಯ ಮೂರು ಸಿಲಿಂಡರ್ ಎಂಜಿನ್, 2010ರ ನಂತರದ ಸ್ವಿಫ್ಟ್ ಪೆಟ್ರೋಲ್‌ನ 1197 ಸಿಸಿ ಎಂಜಿನ್, ಹುಂಡೈ ಐ10 ಮತ್ತು ಗ್ರ್ಯಾಂಡ್ ಐ10ನ 1.2 ಲೀಟರ್ ಕಪ್ಪ ಎಂಜಿನ್, ಟೊಯೊಟಾ ಎಟಿಯೋಸ್ ಲಿವಾದ 1.2, ಇವೆಲ್ಲ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಪಿಸ್ಟನ್ ಓಟಕ್ಕೆ ಹೊಂದಿಸಿ ನಡೆಸುವ ಸರಪಳಿ) ಇರುವ ಎಂಜಿನ್‌ಗಳು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಚೈನ್ ಬಹಳ ವರ್ಷ ತೊಂದರೆ ಕೊಡುವುದಿಲ್ಲ. ಆಲ್ಟೊ 800, ಐ10ನ 1.1 ಲೀಟರ್, ಹಳೆಯ ಸ್ಯಾಂಟ್ರೊ ಜಿಂಗ್, ಇವುಗಳಲ್ಲಿ ಅದೇ ಕೆಲಸಕ್ಕೆ ಇರುವುದು ರಬ್ಬರ್‌ನ ಟೈಮಿಂಗ್ ಬೆಲ್ಟ್. ಬೆಲ್ಟ್‌ಗೆ ಕಿಲೋಮೀಟರ್ ಅಷ್ಟೇ ಅಲ್ಲ, ವಯಸ್ಸೂ ಲೆಕ್ಕ. ಕಡಿಮೆ ಓಡಿದ ಕಾರಿನಲ್ಲೂ ಬಿಸಿಗೆ ರಬ್ಬರ್ ಬಿರಿಯುತ್ತದೆ. ಬೆಲ್ಟ್ ತುಂಡಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಹೆಡ್ ಕೆಲಸವೇ ಬೀಳುತ್ತದೆ. ಆದ್ದರಿಂದ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸಮೇತ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಷೆವರ್ಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ, ದಟ್ಸನ್ 2022ರಲ್ಲಿ. ಈ ಕಾರುಗಳು ಕೆಟ್ಟವಲ್ಲ, ಅಗ್ಗಕ್ಕೂ ಸಿಗುತ್ತವೆ. ಆದರೆ ಬಂಪರ್, ಹೆಡ್‌ಲೈಟ್, ಸೆನ್ಸರ್ ಬೇಕಾದಾಗ ಹುಬ್ಬಳ್ಳಿ, ಹೈದರಾಬಾದ್, ಬೆಂಗಳೂರಿನ ಕಡೆ ನೋಡುತ್ತ ಕೂರಬೇಕಾಗುತ್ತದೆ. ಒಂದೇ ಕಾರು ಇಟ್ಟುಕೊಳ್ಳುವ ಮನೆಗೆ ಇದು ತಕ್ಕುದಲ್ಲ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಸಂಡೂರು, ತೋರಣಗಲ್ಲು, ಗಿಣಿಗೇರಾ, ಶಕ್ತಿನಗರದ ಕಡೆ ಗಣಿ, ಉಕ್ಕು, ವಿದ್ಯುತ್ ಸ್ಥಾವರಗಳ ಗುತ್ತಿಗೆ ಕೆಲಸಕ್ಕೆ ಬಿಳಿ ಬೋರ್ಡಿನ ಕಾರುಗಳೂ ದಿನವಿಡೀ ದುಡಿಯುತ್ತವೆ. ಅಂಥ ಕಾರು ಐದು ವರ್ಷದಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಓಡಿರಬಹುದು, ಮೀಟರ್ ಮಾತ್ರ 58,000 ತೋರಿಸುತ್ತಿರಬಹುದು. ಡಿಜಿಟಲ್ ಮೀಟರ್ ತಿದ್ದುವುದು ಇಂದು ಕಷ್ಟದ ಕೆಲಸವೇ ಅಲ್ಲ. ಮೀಟರನ್ನು ನಂಬುವ ಬದಲು ಬ್ರೇಕ್, ಕ್ಲಚ್ ಪೆಡಲ್‌ಗಳ ರಬ್ಬರ್ ನೋಡಿ. ಸ್ಟೀರಿಂಗ್‌ನ ಹಿಡಿಕೆ ನುಣುಪಾಗಿದೆಯೇ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆಯೇ, ಡಿಸ್ಕ್‌ನ ಹೊರ ಅಂಚಿನಲ್ಲಿ ಉಗುರಿಗೆ ತಗಲುವಷ್ಟು ದಡ ಎದ್ದಿದೆಯೇ ನೋಡಿ. 58,000 ಕಿಲೋಮೀಟರ್‌ನ ಕಾರಿನಲ್ಲಿ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣಬಾರದು. ಪೆಡಲ್ ರಬ್ಬರ್ ಹೊಚ್ಚಹೊಸದಿದ್ದರೂ ಯಾಕೆ ಬದಲಿಸಿದಿರಿ ಎಂದು ಕೇಳಿ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಯಾವ ದಿನ, ಎಷ್ಟು ಕಿಲೋಮೀಟರ್‌ಗೆ ಬಂದಿತ್ತು ಎಂಬ ದಾಖಲೆ ಸಿಗುತ್ತದೆ. ಮಾರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ತೆಗೆಸಿ. ಅದಕ್ಕೆ ಒಪ್ಪದವರ ಗಾಡಿ ಬೇಡ.

ಕಾರು ನೋಡಲು ಹೋಗುವುದು ಬೆಳಿಗ್ಗೆಯೇ ಆಗಬೇಕು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಮರುದಿನ ಬರುತ್ತೇವೆಂದು ಹೇಳಿ ಎದ್ದುಬನ್ನಿ. ಇದರಲ್ಲಿ ಸಂಕೋಚ ಬೇಡ, ಏಕೆಂದರೆ ಎಂಜಿನ್‌ನ ಅರ್ಧ ರೋಗ ಮೊದಲ ಸ್ಟಾರ್ಟ್‌ನಲ್ಲೇ ಗೊತ್ತಾಗುತ್ತದೆ. ಚೈನ್ ಸಡಿಲಾಗಿದ್ದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ಕರಕರ ಸದ್ದು ಬರುತ್ತದೆ. ಆಯಿಲ್ ಏರುವವರೆಗೆ ಒಂದೆರಡು ಸೆಕೆಂಡ್ ಇದ್ದರೆ ಸರಿ, ಅದಕ್ಕಿಂತ ಮುಂದುವರಿದರೆ ಚೈನ್, ಟೆನ್ಷನರ್ ಕೆಲಸ ಕಾದಿದೆ. ಸ್ಟಾರ್ಟ್ ಆದ ಕೂಡಲೇ ಸೈಲೆನ್ಸರ್‌ನಿಂದ ನೀಲಿ ಹೊಗೆ ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲ್ ಹೋಗಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಅಂದರೆ ಎಂಜಿನ್ ಬಿಚ್ಚಬೇಕು. ಚಳಿಗಾಲದ ಬೆಳಿಗ್ಗೆ ಬಿಳಿ ಆವಿ ಬರುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಉರಿಯುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಮೈ ನೋಡಿ. ಹಾಲು ಬೆರೆಸಿದ ಚಹಾದಂಥ ಜಿಡ್ಡು ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಸೋರಿ ಆಯಿಲ್‌ಗೆ ನೀರು ಸೇರಿರುವ ಸಂಶಯ ಬಲವಾಗಿದೆ. ಗಟ್ಟಿ ಕಪ್ಪು ಡಾಂಬರಿನ ಪದರ ಇದ್ದರೆ ವರ್ಷಗಟ್ಟಲೆ ಆಯಿಲ್ ಬದಲಿಸಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬರೀ ಕಪ್ಪಗಿದ್ದರೆ ಹೆದರಬೇಕಿಲ್ಲ. ಎಂಜಿನ್ ಕೋಣೆಯನ್ನು ಫಳಫಳ ತೊಳೆದು ಪಾಲಿಶ್ ಹೊಡೆದಿದ್ದರೆ ಸೋರಿಕೆ ಮರೆಮಾಡಿರಬಹುದು. ಅಂಥ ಗಾಡಿಯನ್ನು 20 ಕಿಲೋಮೀಟರ್ ಓಡಿಸಿ ಮತ್ತೆ ಬಾನೆಟ್ ತೆಗೆಯಿರಿ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಒಸರುವುದು ಸಣ್ಣ ಕೆಲಸ. ಎಂಜಿನ್, ಗೇರ್‌ಬಾಕ್ಸ್ ಸೇರುವ ಕಡೆಯಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು, ಅದು ದೊಡ್ಡ ಖರ್ಚು.

ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಮೀಟರ್ ಕಡೆ ನೋಡಿ. ಚೆಕ್ ಎಂಜಿನ್, ಆಯಿಲ್, ಬ್ಯಾಟರಿ ದೀಪಗಳು, ಏರ್‌ಬ್ಯಾಗ್ ಮತ್ತು ಎಬಿಎಸ್ ಇದ್ದರೆ ಅವುಗಳ ದೀಪಗಳೂ ಹತ್ತಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ತಿರುಗಿಸಿದಾಗ ಒಂದು ದೀಪ ಹತ್ತಲೇ ಇಲ್ಲವೆಂದರೆ ಯಾರೋ ಬಲ್ಬ್ ತೆಗೆದಿರಬಹುದು ಅಥವಾ ವೈರ್ ಕತ್ತರಿಸಿರಬಹುದು. ಆರದೆ ಉರಿಯುವ ದೀಪಕ್ಕಿಂತ ಹತ್ತದ ದೀಪಕ್ಕೆ ಹೆಚ್ಚು ಹೆದರಬೇಕು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಮೊಬೈಲ್‌ನಲ್ಲಿ ನೋಡುವ ಸಣ್ಣ ಸ್ಕ್ಯಾನರ್‌ಗಳು ಅಗ್ಗವಾಗಿ ಸಿಗುತ್ತವೆ. ಪಿ0300 ಬಂದರೆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಪಿ0171 ಎಂದರೆ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ, ಪಿ0420 ಎಂದರೆ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ದುರ್ಬಲವಾಗಿದೆ. ಒಂದೂ ಕೋಡ್ ಇಲ್ಲ, ಆದರೆ ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ತೋರಿಸುವ ರೆಡಿನೆಸ್ ಪಟ್ಟಿಯಲ್ಲಿ ಎಲ್ಲವೂ ಅಪೂರ್ಣ ಎಂದು ತೋರಿಸಿದರೆ, ಕೋಡ್‌ಗಳನ್ನು ಈಗಷ್ಟೇ ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು.

ಬಾಡಿ ನೋಡುವಾಗ ಬಣ್ಣದ ಹೊಳಪಿಗಿಂತ ಬೋಲ್ಟ್‌ಗಳನ್ನು ನೋಡಿ. ಬಾನೆಟ್ ಹಿಂಜ್, ಮುಂದಿನ ಮಡ್‌ಗಾರ್ಡ್, ಡೋರ್ ಹಿಂಜ್‌ಗಳ ಬೋಲ್ಟ್ ತಲೆಯ ಮೇಲೆ ಸ್ಪ್ಯಾನರ್ ಗೀರಿದ್ದರೆ ಆ ಭಾಗ ಬಿಚ್ಚಿದ್ದಾರೆ. ಮಡ್‌ಗಾರ್ಡ್, ಬಂಪರ್ ಬದಲಾಗಿದ್ದರೆ ಚಿಂತೆಯಿಲ್ಲ. ಬಾನೆಟ್ ಒಳಗಿನ ಎರಡೂ ಪಕ್ಕದ ತಗಡಿನ ಗೋಡೆ (ಏಪ್ರನ್), ಮುಂದಿನ ಉದ್ದ ಚಾಸಿ ಕೋಲು, ಬಾಗಿಲ ಕಂಬಗಳಲ್ಲಿ ಫ್ಯಾಕ್ಟರಿಯ ಸ್ಪಾಟ್ ವೆಲ್ಡ್‌ಗಳು ಸಮ ಅಂತರದ ದುಂಡು ಗುಳಿಗಳಾಗಿ ಕಾಣಬೇಕು. ಅಲ್ಲಿ ಗ್ಯಾಸ್ ವೆಲ್ಡಿಂಗ್‌ನ ಉಬ್ಬು ಅಥವಾ ದಪ್ಪ ಸೀಲಂಟ್ ಇದ್ದರೆ ಗಾಡಿ ದೊಡ್ಡ ಪೆಟ್ಟು ತಿಂದಿದೆ. ಬೆಲೆ ಎಷ್ಟೇ ಇಳಿಸಿದರೂ ಬೇಡ. ಎಲ್ಲ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತಿರುತ್ತದೆ, ಒಂದರದ್ದು ಬೇರೆ ವರ್ಷವಾಗಿದ್ದರೆ ಕಾರಣ ಕೇಳಿ. ನೆರೆ ನೀರಿಗೆ ಸಿಕ್ಕ ಕಾರಿನ ವಿಷಯವೂ ಇದೆ. 2009ರ ಅಕ್ಟೋಬರ್‌ನ ಪ್ರವಾಹವನ್ನು ನಮ್ಮ ಜಿಲ್ಲೆಗಳು ಮರೆತಿಲ್ಲ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮುಳುಗಿತ್ತು, ಅಲ್ಲಿನ ಕಾರುಗಳು ರಾಯಚೂರಿನವರೆಗೆ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಬುಡದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ, ಸೀಟಿನ ರೈಲ್ ಬೋಲ್ಟ್ ಮತ್ತು ಸ್ಟೆಪ್ನಿ ಕೂರುವ ಗುಳಿಯಲ್ಲಿ ತುಕ್ಕು ಹುಡುಕಿ. ನೀರು ಕುಡಿದ ವೈರಿಂಗ್ ಒಂದು ವರ್ಷ ಸುಮ್ಮನಿದ್ದು ಆಮೇಲೆ ಕೈಕೊಡುತ್ತದೆ.

ಓಡಿಸಿ ನೋಡುವುದು ಮನೆ ಮುಂದಿನ ಒಂದು ಸುತ್ತಿನಲ್ಲಿ ಮುಗಿಯಬಾರದು. ಊರೊಳಗಿನ ಹಂಪು, ಗುಂಡಿ, ಆಮೇಲೆ ಹೊಸಪೇಟೆ ರಸ್ತೆಯಂಥ ಹೆದ್ದಾರಿ, ಎರಡೂ ಬೇಕು. ಮೂರನೇ ಗೇರ್‌ನಲ್ಲಿ 30ರ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗು ಏರಿ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತಿ. ಕಟಕಟ ಎಂದರೆ ಡ್ರೈವ್ ಶಾಫ್ಟ್ ಜಾಯಿಂಟ್ ಹೋಗಿದೆ. ಹಂಪಿನ ಮೇಲೆ ಟಕ್ ಎಂದರೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬಾಲ್ ಜಾಯಿಂಟ್. 60 ದಾಟಿದ ಮೇಲೆ ವೇಗದ ಜೊತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗ್‌ನದು. 80ರಲ್ಲಿ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಅಥವಾ ಡೊಂಕಾದ ರಿಮ್, ಬ್ರೇಕ್ ಹಿಡಿದಾಗ ಮಾತ್ರ ನಡುಗಿದರೆ ಡಿಸ್ಕ್. ಎಸಿ ಹಾಕಿ ಹತ್ತು ನಿಮಿಷ ನಿಂತಲ್ಲೇ ಬಿಡಿ, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು, ಟೆಂಪರೇಚರ್ ಏರಬಾರದು. ಮೇ ತಿಂಗಳ ರಾಯಚೂರಿನಲ್ಲಿ ಕಾರು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇಷ್ಟರಲ್ಲಿ ಒಪ್ಪಿಗೆಯಾದರೆ, ಮುಂಗಡ ಕೊಡುವ ಮೊದಲು ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ದು ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಹಿಡಿದಿಡುವ ಒತ್ತಡ, ಅಳೆಸಿ. ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿದಾಗ ಆರೋಗ್ಯವಂತ ಸಣ್ಣ ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರ್‌ಗೆ 12ರಿಂದ 14 ಕೆ.ಜಿ. ಬರುತ್ತದೆ. ಅಂಕಿ ಎಷ್ಟೆಂಬುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಅದು 1 ಕೆ.ಜಿ. ದಾಟಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಏರ್ ಫಿಲ್ಟರ್ ಕಡೆಗಣಿಸಿ ಅದಿರಿನ ಧೂಳಿನಲ್ಲಿ ಓಡಿದ ಎಂಜಿನ್ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲಿ. ಗ್ಯಾರೇಜಿನ ಮೇಸ್ತ್ರಿಗೆ ಏಜೆಂಟನಿಂದ ಕಮಿಷನ್ ಬರುತ್ತಿರಬಾರದು. ಅವರ ಕೂಲಿಯನ್ನು ನೀವೇ ಕೊಡಿ, ಗಾಡಿ ಕೊಂಡರೂ ಬಿಟ್ಟರೂ ಅಷ್ಟೇ ಕೊಡುತ್ತೇವೆ ಎಂದು ಮೊದಲೇ ಹೇಳಿ.

ಕಾಗದಪತ್ರದ ಮಾತಿಗೆ ಬರೋಣ. ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ, ಕಾಗದ ಕೆಟ್ಟರೆ ಕೋರ್ಟು ಕಾಣಬೇಕಾಗುತ್ತದೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಆರ್‌ಸಿ ಅವಧಿ, ವಿಮೆ, ಹೊಗೆ ತಪಾಸಣೆ ನೋಡಿ. ಎಷ್ಟನೇ ಓನರ್, ಬ್ಯಾಂಕ್ ಸಾಲ ಬಾಕಿ ಇದೆಯೇ ಎಂಬುದು ಆರ್‌ಸಿ ವಿವರದಲ್ಲೇ ಇರುತ್ತದೆ. ಚಾಸಿ ನಂಬರನ್ನು ಗಾಡಿಯ ಮೇಲೆ ಕೊರೆದಿರುವ ಜಾಗದಲ್ಲೇ ಓದಿ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ಅದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಇದೆ. ಮಾರುವವರೂ ಇದನ್ನು ತಿಳಿಯಬೇಕು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಹೊಣೆ ಬಂದದ್ದು ಆರ್‌ಸಿಯಲ್ಲಿದ್ದ ಮೊದಲ ಮಾಲೀಕರ ಮೇಲೆ. ಡೀಲರ್‌ಗೆ ಗಾಡಿ ಒಪ್ಪಿಸುವವರು ಅವರು ಅಧಿಕೃತ ಡೀಲರ್ ಹೌದೇ ಎಂದು ಕೇಳಲಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದ್ದನ್ನು ಆನ್‌ಲೈನ್‌ನಲ್ಲಿ ದಾಖಲಿಸಬಹುದು.

ಗಡಿ ಜಿಲ್ಲೆಗಳಾದ್ದರಿಂದ ಅನಂತಪುರ, ಕರ್ನೂಲು, ಮೆಹಬೂಬ್‌ನಗರದ ಕಡೆಯ ಆಂಧ್ರ, ತೆಲಂಗಾಣ ನಂಬರಿನ ಕಾರುಗಳು ಇಲ್ಲಿ ನಲವತ್ತು, ಐವತ್ತು ಸಾವಿರ ಕಡಿಮೆಗೆ ಸಿಗುತ್ತವೆ. ಆ ಕಡಿಮೆ ಬೆಲೆ ನಿಜವಾದ ಉಳಿತಾಯ ಅಲ್ಲ. ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಎನ್‌ಒಸಿ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ತೆರಿಗೆ ಎಷ್ಟಾಗುತ್ತದೆಂದು ಕೆಎ 34, 36 ಅಥವಾ 37ರ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಅದನ್ನು ಬೆಲೆಗೆ ಕೂಡಿಸಿ ನೋಡಿ. ಹದಿನಾಲ್ಕು ವರ್ಷದ ಕಾರು ಅಗ್ಗವೆಂದು ಕೊಳ್ಳುವವರು 15 ತುಂಬಿದ ಮೇಲೆ ಆರ್‌ಸಿ ನವೀಕರಣದ ಶುಲ್ಕ, ಹಸಿರು ತೆರಿಗೆ, ಎಫ್‌ಸಿ ತಪಾಸಣೆ ಇವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿ. ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಮಾರುವವರ ಸ್ವತ್ತು, ಅದು ಗಾಡಿಯ ಜೊತೆ ಬರುವುದಿಲ್ಲ.

ಮೂರು ಲಕ್ಷ ಕೈಯಲ್ಲಿದ್ದರೆ ಎರಡು ಲಕ್ಷ ಅರವತ್ತು ಸಾವಿರದ ಕಾರು ಕೊಳ್ಳಿ. ಉಳಿದ ನಲವತ್ತು ಸಾವಿರ ಮೊದಲ ತಿಂಗಳ ಕೆಲಸಕ್ಕೆ. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಮೊದಲ ದಿನವೇ ಬದಲಿಸಿ. ಈ ಎಂಜಿನ್‌ಗಳಿಗೆ ಸುಮಾರು ಮೂರು, ಮೂರೂವರೆ ಲೀಟರ್ ಸಾಕು. ಯಾವ ದರ್ಜೆ ಎಂಬುದನ್ನು ಕಾರಿನ ಪುಸ್ತಕದಲ್ಲಿ ನೋಡಿ ಅದನ್ನೇ ಹಾಕಿ. ಬಿಸಿಲು ಜಾಸ್ತಿ ಎಂದು 20ಡಬ್ಲ್ಯು-50 ದಪ್ಪ ಆಯಿಲ್ ಹಾಕಿಸುವುದು ತಪ್ಪು. ಹೊಸ ಎಂಜಿನ್‌ಗಳ ಆಯಿಲ್ ದಾರಿಗಳು ಕಿರಿದು, ತಣ್ಣಗಿನ ಸ್ಟಾರ್ಟ್‌ನಲ್ಲಿ ದಪ್ಪ ಆಯಿಲ್ ಚೈನ್ ಟೆನ್ಷನರ್‌ವರೆಗೆ ತಡವಾಗಿ ಮುಟ್ಟುತ್ತದೆ. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿಸಿ. ಫಿಲ್ಟರನ್ನು ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ನಕಲಿ ಫಿಲ್ಟರ್‌ಗಳಲ್ಲಿ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಸರಿಯಿರುವುದಿಲ್ಲ, ಅದರಿಂದ ಪ್ರತಿ ಬೆಳಿಗ್ಗೆ ಎಂಜಿನ್ ಒಣಗಿ ಸ್ಟಾರ್ಟ್ ಆಗುತ್ತದೆ. ಪುಸ್ತಕದಲ್ಲಿ 10,000 ಕಿಲೋಮೀಟರ್ ಎಂದಿದ್ದರೂ ಧೂಳಿನ ರಸ್ತೆಯಲ್ಲಿ ಓಡುವವರು 6,000ಕ್ಕೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಲಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಗೇರ್ ಆಯಿಲ್ 40,000ಕ್ಕೆ, ಮಾಮೂಲಿ ಸ್ಪಾರ್ಕ್ ಪ್ಲಗ್ 30ರಿಂದ 40 ಸಾವಿರಕ್ಕೆ. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ ಧೂಳು ತೆಗೆಸುವುದನ್ನು ಪ್ರತಿ ಸರ್ವಿಸ್‌ನಲ್ಲೂ ಕೇಳಿ ಮಾಡಿಸಬೇಕು, ಹೇಳದಿದ್ದರೆ ಯಾರೂ ಮಾಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಕೂಲಿಂಗ್ ವಿಷಯ. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನು ರೇಡಿಯೇಟರ್‌ಗೆ ಹಾಕಿದರೆ ಬಿಸಿಗೆ ಸುಣ್ಣದಂಥ ಪದರ ಕಟ್ಟಿ ಸಣ್ಣ ಕೊಳವೆಗಳು ಮುಚ್ಚುತ್ತವೆ. ಕೂಲೆಂಟ್ ಬಾಟಲಿ ತೆಗೆದಾಗ ಹಸಿರು ಅಥವಾ ಕೆಂಪು ಬಣ್ಣದ ಬದಲು ತುಕ್ಕಿನ ಬಣ್ಣದ ನೀರು ಕಂಡರೆ ಹಿಂದಿನವರು ನಲ್ಲಿ ನೀರನ್ನೇ ಹಾಕಿದ್ದಾರೆ. ಪೂರ್ತಿ ಖಾಲಿ ಮಾಡಿಸಿ, ಡಿಸ್ಟಿಲ್ಡ್ ವಾಟರ್‌ನಿಂದ ತೊಳೆಸಿ, ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿಸಿ. ತುಂಬಿದ ಮೇಲೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ ಎಂಜಿನ್ ನಡೆಯಲಿ. ಒಳಗೆ ಸಿಕ್ಕಿದ ಗಾಳಿ ಹೊರಬಂದು ಮಟ್ಟ ಇಳಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ತುಂಬಿಸಿ. ರೇಡಿಯೇಟರ್ ಮುಚ್ಚಳವನ್ನೂ ಹೊಸದು ಹಾಕಿ. ಮುಚ್ಚಳದ ಮೇಲೆ 0.9 ಅಥವಾ 1.1 ಎಂಬ ಅಂಕಿ ಇರುತ್ತದೆ, ಅದು ಒಳಗೆ ಹಿಡಿದಿಡುವ ಒತ್ತಡ. ಒತ್ತಡ ಇದ್ದರೆ ಕೂಲೆಂಟ್ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಒತ್ತಡ ಸೋರಿದರೆ 108ಕ್ಕೇ ಕುದಿಯುತ್ತದೆ. ಸಣ್ಣ ಖರ್ಚಿನ ಈ ಮುಚ್ಚಳದಿಂದ ಎಂಜಿನ್ ಹೋದ ಕಾರುಗಳು ಗ್ಯಾರೇಜುಗಳಲ್ಲಿ ಬೇಕಾದಷ್ಟಿವೆ.

ಬಿಸಿಲಿನ ಊರಿಗೆ ಥರ್ಮೋಸ್ಟಾಟ್ ಬೇಡ ಎಂದು ಅದನ್ನು ಕಿತ್ತು ಬಿಸಾಡುವ ಗ್ಯಾರೇಜುಗಳಿವೆ. ದಯವಿಟ್ಟು ಒಪ್ಪಬೇಡಿ. ಸುಮಾರು 82 ಡಿಗ್ರಿಗೆ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಆ ವಾಲ್ವ್ ಇಲ್ಲದಿದ್ದರೆ ಎಂಜಿನ್ ಬಿಸಿಯಾಗುವುದು ತಡವಾಗುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಹೆಚ್ಚಾದ ಪೆಟ್ರೋಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಕಾರು ಬಿಸಿಯೇರುತ್ತಿದ್ದರೆ ಕಾರಣ ಬೇರೆ ಕಡೆ ಇದೆ: ಫ್ಯಾನ್ ರಿಲೇ, ವಾಟರ್ ಪಂಪ್, ಮುಚ್ಚಳ, ಕಟ್ಟಿದ ರೇಡಿಯೇಟರ್, ಅಥವಾ ಅಂಟಿಕೊಂಡ ಅದೇ ಥರ್ಮೋಸ್ಟಾಟ್. ಅಂಟಿಕೊಂಡಿದ್ದರೆ ಹೊಸದು ಹಾಕಬೇಕು. ದಾರಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ ಮುಕ್ಕಾಲು ಗಂಟೆ ಕಾಯಿರಿ. ಮುಚ್ಚಳ ತೆಗೆಯಬೇಡಿ, ಮೇಲೆ ತಣ್ಣೀರು ಸುರಿಯಬೇಡಿ. ಮಾರುತಿ ಕೆ ಸರಣಿ, ಹುಂಡೈ ಕಪ್ಪ, ಎರಡೂ ಪೂರ್ತಿ ಅಲ್ಯೂಮಿನಿಯಂ ಎಂಜಿನ್‌ಗಳು, ಅತಿಬಿಸಿಗೆ ಹೆಡ್ ಡೊಂಕಾಗುತ್ತದೆ.

ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ನೋಡಿ. ನೆಲಕ್ಕೆ ಮೆಲ್ಲಗೆ ತಟ್ಟಿ, ಬೇಕಾದರೆ ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಊದಿಸಿ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡದ ಗಾಳಿ ಕಾಗದವನ್ನು ಹರಿಯುತ್ತದೆ, ಹರಿದ ಫಿಲ್ಟರ್ ಕಟ್ಟಿದ ಫಿಲ್ಟರ್‌ಗಿಂತ ಕೆಟ್ಟದ್ದು. ಫಿಲ್ಟರ್ ಡಬ್ಬಿಯ ಕ್ಲಿಪ್ ಮುರಿದಿದ್ದರೂ ಅದಿರಿನ ಧೂಳು ಅಲ್ಲಿಂದಲೇ ಒಳನುಗ್ಗುತ್ತದೆ. ಸಂಡೂರು, ತೋರಣಗಲ್ಲು ಕಡೆ ದಿನವೂ ಓಡಾಡುವವರು 10,000 ಕಿಲೋಮೀಟರ್‌ವರೆಗೂ ಕಾಯದೆ ಹೊಸದು ಹಾಕುವುದು ಒಳ್ಳೆಯದು. ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರ್‌ನ ಜಾಲರಿಯಲ್ಲಿ ಧೂಳು, ಭತ್ತದ ಹೊಟ್ಟು, ಹತ್ತಿಯ ಎಳೆ ತುಂಬಿಕೊಳ್ಳುತ್ತವೆ. ಎಸಿ ತಣ್ಣಗಿಲ್ಲವೆಂದ ಕೂಡಲೇ ಗ್ಯಾಸ್ ತುಂಬಿಸುವ ಮೊದಲು ಇದನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಸಿ ನೋಡಿ. ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಸೋರಿಕೆ ಮುಚ್ಚದೆ ತುಂಬಿಸಿದರೆ ದುಡ್ಡು ದಂಡ.

ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆಂದು ಗಾಳಿ ಕಡಿಮೆ ಮಾಡುವುದು ಅಪಾಯದ ರೂಢಿ. ಗಾಳಿ ಕಡಿಮೆಯಾದರೆ ಟೈರ್‌ನ ಪಕ್ಕದ ಗೋಡೆ ಹೆಚ್ಚು ಮಡಚಿ, ತಾನೇ ಬಿಸಿಯಾಗಿ, ಹೆದ್ದಾರಿಯಲ್ಲಿ ಒಡೆಯುತ್ತದೆ. ಡ್ರೈವರ್ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಬರೆದಷ್ಟೇ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ತುಂಬಿಸಿ. ಟೈರ್ ಪಕ್ಕದ ನಾಲ್ಕಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಗ್ರೂವ್ 1.6 ಮಿಲಿಮೀಟರ್‌ಗೆ ಇಳಿದಿದ್ದರೆ, ಅಥವಾ ಆರೇಳು ವರ್ಷ ದಾಟಿ ಬಿರುಕು ಕಂಡರೆ ಬದಲಿಸಿ.

ಈಗ ಪಂಪುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಳೆಯ ಕಾರಿನ ರಬ್ಬರ್ ಪೈಪ್, ಇಂಜೆಕ್ಟರ್‌ನ ಓ-ರಿಂಗ್‌ಗಳನ್ನು ಪ್ರತಿ ಸರ್ವಿಸ್‌ನಲ್ಲಿ ನೋಡಿಸಿ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ಸರಿಮಾಡಿಸಿ. ಎಥೆನಾಲ್ ತೇವ ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕ್ ಅರೆಬರೆ ಇರುವುದು ಬೇಡ. ಪೆಟ್ರೋಲ್ ಪಂಪ್ ಇರುವುದು ಟ್ಯಾಂಕ್ ಒಳಗೆ, ಅದನ್ನು ತಣ್ಣಗಿಡುವುದೂ ಪೆಟ್ರೋಲೇ. 42 ಡಿಗ್ರಿ ಬಿಸಿಲಲ್ಲಿ ಸದಾ ರಿಸರ್ವ್‌ನಲ್ಲಿ ಓಡಿಸಿದರೆ ಪಂಪ್ ಬೇಗ ಹೋಗುತ್ತದೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ಚೀಲಗಳ ಪಕ್ಕ ಕಾರು ನಿಲ್ಲಿಸುವವರು ಇಲಿಗಳಿಗಾಗಿ ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡಲಿ, ಕಡಿದ ವೈರಿಂಗ್ ಹುಡುಕುವುದು ಮೇಸ್ತ್ರಿಗೂ ಕಷ್ಟ.

ಕೊನೆಯದಾಗಿ ಎರಡು ಬೇಡಿಕೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಆರ್‌ಟಿಒ ಕಚೇರಿಗಳು ಹೆಸರು ಬದಲಾವಣೆಗೆ ಬೇಕಾದ ಫಾರಂ, ಕಾಗದ, ಶುಲ್ಕ ಮತ್ತು ಗಡುವಿನ ವಿವರವನ್ನು ದೊಡ್ಡ ಅಕ್ಷರದ ಕನ್ನಡ ಫಲಕದಲ್ಲಿ ಗೇಟಿನ ಬಳಿಯೇ ಹಾಕಲಿ, ಒಳಗಿನ ಗೋಡೆಯ ಮೇಲಲ್ಲ. ಏಜೆಂಟರನ್ನು ಕಾಣುವ ಮೊದಲೇ ರೈತರಿಗೆ ಅದು ಕಾಣಬೇಕು. ಎರಡನೆಯದು, ಮೋಟಾರು ಮೆಕ್ಯಾನಿಕ್ ತರಬೇತಿ ಇರುವ ಸರ್ಕಾರಿ ಐಟಿಐಗಳು ತಿಂಗಳಿಗೊಂದು ಭಾನುವಾರ ಸಣ್ಣ ಶುಲ್ಕ ಪಡೆದು ಹಳೆ ಕಾರು ತಪಾಸಣೆ ಮಾಡಿಕೊಡಲಿ. ಕಂಪ್ರೆಷನ್ ಗೇಜ್, ಸ್ಕ್ಯಾನರ್, ಜಾಕ್ ಮತ್ತು ಸ್ಟ್ಯಾಂಡ್, ಬ್ಯಾಟರಿ ಟೆಸ್ಟರ್, ಮೇಲ್ವಿಚಾರಣೆಗೆ ಒಬ್ಬ ಬೋಧಕರು ಇದ್ದರೆ ಸಾಕು. ಸಿಲಿಂಡರ್‌ವಾರು ಅಂಕಿ, ಸಿಕ್ಕ ಕೋಡ್, ವೆಲ್ಡಿಂಗ್ ಕಂಡ ಜಾಗ, ಟೈರ್‌ನ ವರ್ಷ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟರೆ ಕೊಳ್ಳುವವರ ಕೈಗೆ ಚೌಕಾಸಿಗೆ ಆಧಾರ ಸಿಗುತ್ತದೆ, ವಿದ್ಯಾರ್ಥಿಗಳಿಗೆ ಬಗೆಬಗೆಯ ಎಂಜಿನ್‌ಗಳು ಕೈಗೆ ಬರುತ್ತವೆ. ಐಟಿಐ ಪ್ರಾಚಾರ್ಯರು ಈ ಬಗ್ಗೆ ಯೋಚಿಸಿ, ಮುಂದಿನ ಸುಗ್ಗಿಗೆ ಮೊದಲೇ ಆರಂಭಿಸಲಿ.

ಇತಿ,
ಓದುಗ, ಬಳ್ಳಾರಿ